ವಸ್ತಿ ಬಸ್ ಇರುವ ಏರಿಯಾ ಬೇಕು

"ವೈಫೈ ಇದೆ, ವಾಷಿಂಗ್ ಮಷಿನ್ ಇದೆ, ಬಿಸಿನೀರು ಯಾವಾಗಲೂ ಬರುತ್ತೆ. ಗೇಟಿಗೆ ಕ್ಯಾಮೆರಾ ಇದೆ. ಇನ್ನೇನು ಕೇಳಬೇಕಿತ್ತು ಸರ್?"

ಬೆಂಗಳೂರಿನ ಜಯನಗರದಲ್ಲಿ ಪಿಜಿ ನಡೆಸುವ ಆ ಮಹಿಳೆ ಇಷ್ಟು ಹೇಳಿ ಉಸಿರು ತೆಗೆದುಕೊಂಡರು. ನನ್ನ ಅಣ್ಣ ಬಸವರಾಜ ಬುತ್ತಿಯ ಚೀಲವನ್ನು ತೊಡೆಯ ಮೇಲೆ ಸರಿ ಮಾಡಿಕೊಂಡು ಸಾವಕಾಶವಾಗಿ ಕೇಳಿದ: "ಇಲ್ಲಿ ವಸ್ತಿ ಬಸ್ ಐತೇನ್ರಿ?"

ಆಕೆ ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. (ಬೇರೆ ಏನು ಮಾಡಲಿ, ನೀವೇ ಹೇಳಿ?)

ವಿಷಯ ಇಷ್ಟು. ನಾವು ಮೂಲತಃ ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿಯವರು. ಅಣ್ಣ ವ್ಯಾಪಾರಕ್ಕೆಂದು ಜೋಯಿಡಾ ಕಡೆ ಹೋದವನು ಕುಂಬಾರವಾಡದಲ್ಲಿ ಕಿರಾಣಿ ಅಂಗಡಿ ಹಾಕಿ ಅಲ್ಲೇ ಉಳಿದ. ಅವನ ಮಗಳು ಅಕ್ಷತಾ ಈ ಸಲ ಪಿಯುಸಿ ಮುಗಿಸಿದಳು. ಕಿವಿ ಕೇಳದ ಅಜ್ಜಿಯ ಜೊತೆ ಕೈಸನ್ನೆಯಲ್ಲೇ ಜಗಳವಾಡಿ ಬೆಳೆದ ಹುಡುಗಿ. ಕಿವಿ ಕೇಳಿಸದ ಮಕ್ಕಳಿಗೆ ಮಾತು ಕಲಿಸುವ ಕೋರ್ಸೊಂದಿದೆಯಂತೆ, ಓದಿದರೆ ಅದನ್ನೇ ಓದುತ್ತೇನೆಂದು ಹಟ ಹಿಡಿದಳು. ಬೆಂಗಳೂರಿನ ಕಾಲೇಜಿನಲ್ಲಿ ಸೀಟೂ ಸಿಕ್ಕಿತು. ಹಾಸ್ಟೆಲ್ ಮಾತ್ರ ಸಿಗಲಿಲ್ಲ.

"ಒಂದು ದಿನಾ ಹುಡುಕೂಣು," ಎಂದ ಅಣ್ಣ. "ಸಂಜಿ ಅನ್ನೂದ್ರಾಗ ಮನಸ್ಸಿಗೆ ಬರೋವಂಥ ಜಾಗಾ ಸಿಕ್ಕರ ಸೈ. ಇಲ್ಲಾಂದ್ರ ದಾಂಡೇಲ್ಯಾಗ ಬಿ.ಕಾಂ. ಓದ್ಲಿ. ಅದೂ ಓದೇ ಅಲ್ಲೇನು?"

ಅಪ್ಪ-ಮಗಳು ನನ್ನನ್ನು ಯಾಕೆ ಕರೆದುಕೊಂಡು ಹೋದರು? ಮೆಟ್ರೋ ಇಲ್ಲದ ಕಾಲದಲ್ಲಿ ನಾನು ಬೆಂಗಳೂರಿನಲ್ಲಿ ಓದಿದ್ದೆ. ಈಗ ಹಳಿಯಾಳದಲ್ಲಿ ಕೂತು ಅಂಕಣ ಬರೆಯುತ್ತೇನೆ. ಮನೆಯವರ ಲೆಕ್ಕದಲ್ಲಿ ಇಂದಿಗೂ ನಾನೇ ಬೆಂಗಳೂರು ಎಕ್ಸ್‌ಪರ್ಟ್. (ಬಸ್ ಇಳಿದ ತಕ್ಷಣ ಯಾವ ಕಡೆ ನಡೆಯಬೇಕೆಂದು ತಿಳಿಯದೆ ಚಹಾ ಕುಡಿಯೋಣ ಎಂದಿದ್ದು ಬೇರೆ ಮಾತು.)

ಇನ್ನು ವಸ್ತಿ ಬಸ್. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಸಂಜೆ ಪಟ್ಟಣದಿಂದ ಬಂದ ಬಸ್ಸು ರಾತ್ರಿ ಹಳ್ಳಿಯಲ್ಲೇ ನಿಂತು, ಬೆಳಿಗ್ಗೆ ಮತ್ತೆ ಪಟ್ಟಣಕ್ಕೆ ಹೊರಡುತ್ತದೆ. ಅದೇ ವಸ್ತಿ ಬಸ್. ಕಾಡಿನ ಊರುಗಳಲ್ಲಿ ಓದು, ಔಷಧಿ, ಸಂತೆ ಎಲ್ಲವೂ ಅದರ ಮೇಲೆಯೇ ನಡೆಯುತ್ತದೆ. ಹೆಣ್ಣು ಕೊಡುವವರೂ "ಆ ಊರಿಗೆ ವಸ್ತಿ ಬಸ್ ಐತೇನು?" ಎಂದು ಕೇಳಿಯೇ ಮುಂದಿನ ಮಾತಿಗೆ ಬರುತ್ತಾರೆ.

ಕುಂಬಾರವಾಡದ ವಸ್ತಿ ಬಸ್ಸು ನಿಲ್ಲುವುದು ನಮ್ಮಣ್ಣನ ಅಂಗಡಿಯ ಎದುರು. ಡ್ರೈವರ್, ಕಂಡಕ್ಟರ್ ಇಬ್ಬರಿಗೂ ರಾತ್ರಿಯ ರೊಟ್ಟಿ-ಪಲ್ಯ ಅಣ್ಣನ ಮನೆಯಿಂದಲೇ. ಅಕ್ಷತಾ ಅದೇ ಬಸ್ಸಿನಲ್ಲಿ ದಾಂಡೇಲಿಗೆ ಹೋಗಿ ಪಿಯುಸಿ ಓದಿದಳು. ಬೆಳಿಗ್ಗೆ ಅವಳ ಜಡೆ ಇನ್ನೂ ಮುಗಿದಿಲ್ಲವೆಂದರೆ ಡ್ರೈವರ್ ಒಂದು ಹಾರ್ನ್ ಹೊಡೆದು ಕಾಯುತ್ತಿದ್ದ. ಸಂಜೆ ದಾಂಡೇಲಿ ಸ್ಟ್ಯಾಂಡಿನಲ್ಲಿ ಅವಳು ಕಾಣದಿದ್ದರೆ ಕಂಡಕ್ಟರ್ "ತಡೀರಿ, ಒಬ್ಬರು ಬರಬೇಕು" ಎಂದು ಬಸ್ ಬಿಡಿಸುತ್ತಿರಲಿಲ್ಲ. ಹಾಗೆ ಬೆಳೆದ ಮಗಳಿಗೆ ಏರಿಯಾ ಹುಡುಕಲು ಬಂದವನು ವೈಫೈ ಕೇಳುತ್ತಾನೆಯೇ?

ಆದರೆ ಜಯನಗರದ ಆ ಮಹಿಳೆಗೆ ಇದನ್ನೆಲ್ಲ ಎಲ್ಲಿಂದ ಹೇಳುವುದು? ಅವರಿಗೆ ತೋಚಿದ ಸಮಾಧಾನವನ್ನೇ ಹೇಳಿದರು. "ಚಿಂತೆ ಮಾಡಬೇಡಿ ಸರ್. ನಮ್ಮಲ್ಲಿ ಯಾರೂ ಯಾರ ತಂಟೆಗೂ ಬರಲ್ಲ. ಮಗಳು ಒಳಗೆ ಬಂದಳಾ ಇಲ್ಲವಾ ಅಂತ ನಿಮ್ಮ ಮೊಬೈಲಿಗೇ ಅಲರ್ಟ್ ಬರುತ್ತೆ."

"ನಮ್ಮೂರಾಗ ಅದಕ ರೇಂಜ್ ಬೇಕಲ್ರಿ," ಎಂದ ಅಣ್ಣ. "ಗುಡಿ ಕಟ್ಟಿ ಮ್ಯಾಲ ನಿಂತರ ಒಂದು ಕಡ್ಡಿ ಬರ್ತೈತಿ. ಅದೂ ಗಾಳಿ ಬಿಟ್ಟಾಗ."

ಜಾಗ ಚೆನ್ನಾಗಿತ್ತು. ಕಾಲೇಜಿಗೆ ನಡೆದೇ ಹೋಗಬಹುದು. ಆ ಮಹಿಳೆಯೂ ಒಳ್ಳೆಯವರೇ. ನನಗಂತೂ "ಯಾರೂ ತಂಟೆಗೆ ಬರಲ್ಲ" ಎಂಬ ಮಾತು ಕೇಳಿಯೇ ಖುಷಿಯಾಯಿತು. ಹದಿಹರೆಯದಲ್ಲಿ ನನಗೆ ಬೆಂಗಳೂರು ಹಿಡಿಸಿದ್ದೇ ಅದಕ್ಕೆ. ಸಾಂಬ್ರಾಣಿಯಲ್ಲಿ ಹೊಸ ಚಪ್ಪಲಿ ಹಾಕಿದರೂ ಊರಿಗೆಲ್ಲ ಉತ್ತರ ಕೊಡಬೇಕಿತ್ತು. ಇಲ್ಲಿ ಯಾರೂ ಕೇಳುವವರಿಲ್ಲ ಎಂಬ ಆ ಸುಖ ನನ್ನ ಅಣ್ಣನಿಗೆ ಹೇಗೆ ಗೊತ್ತಾಗಬೇಕು? ಅವನು ಹೊರಗೆ ಬಂದು ಒಂದೇ ಮಾತು ಹೇಳಿದ: "ಹುಡುಗಿ ಜ್ವರಾ ಬಂದು ಮಲಗಿದ್ರ ಬಾಗಿಲಾ ಬಡಿಯೋರು ಯಾರು?"

ಅವನು ಕೇಳಿದ್ದು ಸರಿಯಿತ್ತು. ಅದಕ್ಕೇ ನನಗೆ ಸಿಟ್ಟು ಬಂತು.

ವಿಜಯನಗರಕ್ಕೆ ಹೋದೆವು. ರೂಮು ಸಣ್ಣದು ಎಂದ. ಬಸವನಗುಡಿಗೆ ಹೋದೆವು. ಹೆಸರು ಕೇಳಿ ಅರ್ಧ ಒಪ್ಪಿದ್ದ, ಆದರೆ ಮಾಲೀಕರು ವಿದೇಶದಲ್ಲಿದ್ದಾರೆ ಎಂದು ತಿಳಿದು ಆ ಅರ್ಧವನ್ನೂ ವಾಪಸ್ ತೆಗೆದುಕೊಂಡ. ಎಲ್ಲ ಕಡೆಯೂ ಅದೇ ವಸ್ತಿ ಬಸ್ಸಿನ ಪ್ರಶ್ನೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿಯವನು ಅವನು. ಬಿಸಿಲು ಇಳಿಯುತ್ತಿತ್ತು. ಅಕ್ಷತಾಳ ಮುಖದಲ್ಲಿ ದಾಂಡೇಲಿಯ ಬಿ.ಕಾಂ. ಕ್ಲಾಸು ಆಗಲೇ ಶುರುವಾಗಿತ್ತು.

"ಅಣ್ಣಾ, ಇದು ಬೆಂಗಳೂರು. ಇಲ್ಲಿ ಬಸ್ಸು ವಸ್ತಿ ಮಾಡೂದಿಲ್ಲ," ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

"ಎಲ್ಯರ ಮಲಗಬೇಕಲ್ಲ ಅವು?" ಎಂದವನು, ಎದುರಿಗೆ ಬಂದು ನಿಂತ ಬಸ್ಸಿನ ಕಂಡಕ್ಟರನ್ನೇ ಕೇಳಿಬಿಟ್ಟ. ಕಂಡಕ್ಟರ್ ಹೆಣ್ಣುಮಗಳು, ದುಡಿದು ದಣಿದಿದ್ದಳು. "ಲಾಸ್ಟ್ ಸ್ಟಾಪಲ್ಲೇ ನೈಟ್ ಹಾಲ್ಟು ಸರ್. ಹತ್ತೋದಾದ್ರೆ ಹತ್ತಿ," ಎಂದಳು.

ಹತ್ತಿದ. ನಾವೂ ಹತ್ತಿದೆವು, ಹೆಂಗಸರಿಬ್ಬರೂ ಆಧಾರ್ ಕಾರ್ಡ್ ತೋರಿಸಿ ಉಚಿತ ಟಿಕೆಟ್ ಪಡೆದು ಕೂತೆವು. ಬಸ್ಸು ಫ್ಲೈಓವರ್ ದಾಟಿತು, ರಿಂಗ್ ರೋಡ್ ದಾಟಿತು, ನನ್ನ ತಾಳ್ಮೆಯನ್ನೂ ದಾಟಿತು. ಕಾಲೇಜು ಹಿಂದೆ ಎಲ್ಲೋ ಉಳಿಯಿತು. ಕೊನೆಯ ಸ್ಟಾಪಿನಲ್ಲಿ ಇಳಿದಾಗ ಒಂದು ಕಡೆ ಹೊಸ ಅಪಾರ್ಟ್‌ಮೆಂಟು, ಇನ್ನೊಂದು ಕಡೆ ಎಮ್ಮೆ ಕಟ್ಟಿದ ಹಳೆಯ ಮನೆ. (ಹೆಸರು ಬರೆಯುವುದಿಲ್ಲ. ಹುಡುಗಿ ಇರುವ ಜಾಗ.) ಬಸ್ಸು ನಿಲ್ಲುವಲ್ಲಿಯೇ ಒಂದು ಹಿಟ್ಟಿನ ಗಿರಣಿ. ಅದರ ಮೇಲೆ ರೂಮುಗಳು. "ಹೆಣ್ಣುಮಕ್ಕಳಿಗೆ ಮಾತ್ರ" ಎಂಬ ಬೋರ್ಡು.

ಗಿರಣಿಯ ಒಡತಿ ಲಕ್ಷ್ಮಮ್ಮ. ಹುಬ್ಬಿನ ಮೇಲೆಲ್ಲ ಹಿಟ್ಟು. ರೂಮು ತೋರಿಸುವ ಮೊದಲೇ ವಿಚಾರಣೆ ಶುರು. "ಯಾವೂರು? ಅಮ್ಮ ಯಾಕೆ ಬಂದಿಲ್ಲ? ರಾಗಿಮುದ್ದೆ ತಿಂತೀಯಾ? ಸಂಜೆ ಎಷ್ಟೊತ್ತಿಗೆ ಬರ್ತೀಯಾ? ಲೇಟಾದ್ರೆ ಫೋನ್ ಮಾಡ್ಬೇಕು. ಮಾಡಿಲ್ಲ ಅಂದ್ರೆ ನಾನು ಕಾಲೇಜಿಗೇ ಬರ್ತೀನಿ, ಆಮೇಲೆ ಮಾನ ಹೋಯ್ತು ಅನ್ಬೇಡ."

ಇದು ಮನೆಯೋ ಪೊಲೀಸ್ ಠಾಣೆಯೋ ಎಂದುಕೊಂಡೆ. ಪಕ್ಕದಲ್ಲಿ ನೋಡಿದರೆ ಅಣ್ಣನ ಮುಖ ಅರಳಿತ್ತು. "ಎಷ್ಟು ಕೇಳ್ತಾರ ನೋಡು," ಎಂದು ನನ್ನ ಕಿವಿಯಲ್ಲಿ ಹೇಳಿದ, ಏನೋ ನಿಧಿ ಸಿಕ್ಕವನಂತೆ.

"ನಿನಗ ಹೆಂಗ ಅನಸ್ತೈತಿ?" ಎಂದು ನಾನು ಅಕ್ಷತಾಳನ್ನು ಕೇಳಿದೆ. ಬೆಳಿಗ್ಗೆಯಿಂದ ಅವಳನ್ನು ಯಾರೂ ಕೇಳಿರಲಿಲ್ಲ, ನೋಡಿ.

"ಅತ್ತಿ, ಊರ ಮಂದಿ ಎಲ್ಲಾರೂ ಕೇಳೂದು ಬ್ಯಾಡ. ಯಾರೂ ಕೇಳದಂಗೂ ಬ್ಯಾಡ. ಒಬ್ಬರು ಇದ್ರ ಸಾಕು," ಎಂದಳು.

ಮುಗಿಯಿತಲ್ಲ ಎಂದುಕೊಂಡೆ. ಮುಗಿಯಲಿಲ್ಲ. ಅಣ್ಣ ಬುತ್ತಿಯ ಚೀಲ ಹಿಡಿದು ನೇರ ಬಸ್ಸಿನ ಹತ್ತಿರ ಹೋದ. ಊರಿನ ಪದ್ಧತಿ ಬಿಡಲಾದೀತೇ? ಉಳಿದ ರೊಟ್ಟಿ, ಶೇಂಗಾ ಚಟ್ನಿಯನ್ನು ಡ್ರೈವರ್, ಕಂಡಕ್ಟರ್ ಇಬ್ಬರ ಕೈಗೂ ಇಟ್ಟ. ಅವರು ಬೇಡ ಬೇಡವೆನ್ನುತ್ತಲೇ ತಿನ್ನತೊಡಗಿದರು. ಆಮೇಲೆ ಮಗಳನ್ನು ಮುಂದೆ ನಿಲ್ಲಿಸಿ, "ಈಕಿ ನಮ್ಮ ಹುಡುಗಿ ರೀ. ಇನ್ನ ಮುಂದ ಬೆಳಿಗ್ಗೆ ನಿಮ್ಮ ಬಸ್ಸಿಗೇ ಬರ್ತಾಳ. ಬರೂದು ತಡಾ ಆದ್ರ ಒಂದು ಹಾರ್ನ್ ಹೊಡೀರಿ," ಎಂದ.

ಕಂಡಕ್ಟರ್ ಬಾಯಲ್ಲಿದ್ದ ರೊಟ್ಟಿ ನುಂಗಿ ಪಾಪ ಎನ್ನುವ ಹಾಗೆ ನೋಡಿದಳು. "ನಾವು ದಿನಾ ಇದೇ ರೂಟಲ್ಲಿ ಇರಲ್ಲ ಸರ್. ಡ್ಯೂಟಿ ಚೇಂಜ್ ಆಗ್ತಾ ಇರುತ್ತೆ. ಮುಂದಿನ ವಾರ ಯಾರು ಬರ್ತಾರೋ ನಮಗೂ ಗೊತ್ತಿಲ್ಲ."

ಅಣ್ಣನ ಕೈ ಕೆಳಗಿಳಿಯಿತು. ಇಡೀ ದಿನ ಅಲೆದದ್ದು ಆಗ ಅವನ ಮುಖದಲ್ಲಿ ಕಂಡಿತು. "ಹಂಗಾರ ಇದು ವಸ್ತಿ ಬಸ್ ಅಲ್ಲ," ಎಂದ. "ನಡೀರಿ, ಊರಿಗೆ ಹೋಗೂಣು."

ಅಕ್ಷತಾ ಕದಲಲಿಲ್ಲ. ಅವಳ ಕಣ್ಣು ತುಂಬಿತ್ತು, ದನಿ ಗಟ್ಟಿಯಾಗಿತ್ತು. "ಅಪ್ಪಾ, ನಮ್ಮೂರ ಬಸ್ಸಿನ ಡ್ರೈವರ್ ಬದಲಾಗಿಲ್ಲೇನು? ಹೊಸಬರು ಬಂದಾಗ ಅವರಿಗೆ ನಾ ಯಾರಂತ ಗೊತ್ತಿತ್ತೇನು? ನೀವ ಊಟಕ್ಕ ಕರದು ಗುರ್ತಾ ಮಾಡಸ್ತಿದ್ರಿ. ಇಲ್ಲಿ ನನ್ನ ಗುರ್ತಾ ನಾನ ಮಾಡ್ಕೊಂತೇನಿ. ಅಷ್ಟರ ಬಿಡ್ರಿ ನನಗ."

ಡ್ರೈವರ್ ಅಗಿಯುವುದನ್ನೇ ನಿಲ್ಲಿಸಿದ್ದ. ಅಣ್ಣ ಖಾಲಿ ಚೀಲವನ್ನು ಮಡಚಿದ, ಮತ್ತೆ ಬಿಚ್ಚಿದ, ಮತ್ತೆ ಮಡಚಿದ. ಕೊನೆಗೆ ಗಿರಣಿಯ ಕಡೆ ತಿರುಗಿ, "ಮುದ್ದಿ ನುಂಗಾಕ ಕಲೀಬೇಕು ಮತ್ತ," ಎಂದ.

ಅವಳು ಹೋಗಿ ಈಗ ಕೆಲವು ತಿಂಗಳಾಯಿತು. ಕಾಲೇಜು ದೂರವೇ, ಸುಳ್ಳು ಯಾಕೆ ಹೇಳಲಿ? ಆದರೆ ಬಸ್ಸು ಅಲ್ಲಿಂದಲೇ ಹೊರಡುವುದರಿಂದ ದಿನವೂ ಕಿಟಕಿಯ ಸೀಟು. ಪಾಠ ಓದಿಕೊಳ್ಳುವುದೂ ಅಲ್ಲೇ, ನಿದ್ದೆಯೂ ಅಲ್ಲೇ. ಮುದ್ದೆ ಇನ್ನೂ ಗಂಟಲಲ್ಲಿ ಇಳಿಯುತ್ತಿಲ್ಲ. ಲಕ್ಷ್ಮಮ್ಮನ ಬೈಗುಳ ಇಳಿಯುತ್ತಿದೆ. ಒಮ್ಮೆ ಜ್ವರ ಬಂದಾಗ ಬಾಗಿಲು ಎಷ್ಟು ಬಡಿದರೆಂದರೆ, ಜ್ವರಕ್ಕಿಂತ ಅದರ ಸದ್ದಿಗೇ ತಲೆನೋವು ಬಂತಂತೆ.

ಹೋದ ವಾರ ಫೋನ್ ಮಾಡಿದ್ದಳು. "ಅತ್ತಿ, ಇವತ್ತ ಬೆಳಿಗ್ಗೆ ಬಸ್ಸು ಬಿಟ್ಟಿತ್ತು. ಹಿಂದ ಒಬ್ಬಾಕಿ ಹುಡುಗಿ ಬ್ಯಾಗ್ ಹಿಡಕೊಂಡು ಓಡಿ ಬರಾಕತ್ತಿದ್ಲು. ಗುರ್ತಾ ಇಲ್ಲ, ಪರಿಚಯಾ ಇಲ್ಲ. ನನ್ನ ಬಾಯಾಗ ತಾನ ಬಂತು: ತಡೀರಿ, ಒಬ್ಬರು ಬರಬೇಕು. ಡ್ರೈವರೂ ಹೊಸಬ. ನನ್ನ ಭಾಷಾ ಕೇಳಿ ನಕ್ಕ. ಖರೇ, ನಿಲ್ಲಿಸಿದ."

ಇದನ್ನು ಅಣ್ಣನಿಗೆ ಮುಟ್ಟಿಸಲು ಅವನು ಗುಡಿಕಟ್ಟೆ ಹತ್ತುವವರೆಗೂ ಕಾಯಬೇಕಾಯಿತು. ನಾನು ಹೇಳಿ ಮುಗಿಸಿದಾಗ ಆ ಕಡೆಯಿಂದ ಗಾಳಿಯ ಸದ್ದಷ್ಟೇ ಕೇಳುತ್ತಿತ್ತು. ರೇಂಜ್ ಹೋಯಿತೇನೋ ಎಂದುಕೊಂಡೆ. "ನಿಲ್ಲಿಸಿದನಲ್ಲ," ಎಂದ ಆಮೇಲೆ. "ಹಂಗಾರ ಅದು ವಸ್ತಿ ಬಸ್ಸೇ ಬಿಡು."

ಮಕ್ಕಳಿಗೆ ಏರಿಯಾ ಹುಡುಕುವಾಗ ನಾವು ನೀರು, ಕರೆಂಟು, ಕ್ಯಾಮೆರಾ ಎಲ್ಲವನ್ನೂ ವಿಚಾರಿಸುತ್ತೇವೆ, ವಿಚಾರಿಸಬೇಕು ಕೂಡ. ಆದರೆ ನಾಳೆ ಬೆಳಿಗ್ಗೆ ಯಾರದೋ ಊರಿನ ಯಾರದೋ ಮಗಳು ನಿಮ್ಮ ಬಸ್ಸಿನ ಹಿಂದೆ ಓಡಿ ಬರುತ್ತಿದ್ದರೆ, ಕಿಟಕಿಯ ಸೀಟಿನಲ್ಲಿ ಕೂತ ನೀವು "ತಡೀರಿ" ಅನ್ನುತ್ತೀರಾ?