ದಾಳಿಂಬೆ ಬುಡದ ನೀರು

ಚಳ್ಳಕೆರೆಯ ಮದರಸಾದಲ್ಲಿ ಕನ್ನಡವನ್ನೂ ಲೆಕ್ಕವನ್ನೂ ಕಲಿಸಬೇಕೆಂದು ಅಲ್ಲಿನ ಹಿರಿಯರು ತೀರ್ಮಾನಿಸಿದ ವರ್ಷ, ಆ ಕೆಲಸಕ್ಕೆ ಸೇರಿದವನು ನಾನು. ಮೊಳಕಾಲ್ಮೂರು ಕಡೆಯ ಹುಡುಗರೂ ಅಲ್ಲೇ ಉಂಡು, ಅಲ್ಲೇ ಮಲಗಿ, ಕುರಾನು ಬಾಯಿಪಾಠ ಮಾಡುತ್ತಿದ್ದರು. ನಾಳೆ ಅಮಲ್ದಾರರ ಕಚೇರಿಯಿಂದ ಒಂದು ಕಾಗದ ಬಂದರೆ ಓದಿಸಿಕೊಳ್ಳಲು ಅವರು ಯಾರ ಬಾಗಿಲಿಗೂ ಹೋಗಬಾರದು ಎಂಬುದು ಹಿರಿಯರ ಆಸೆ. ಕುರಾನು ಕಲಿಸುತ್ತಿದ್ದ ವಯಸ್ಸಾದ ಮೌಲ್ವಿಗಳೊಬ್ಬರಿಗೆ ಮಾತ್ರ ಇದು ಅಷ್ಟಾಗಿ ಹಿಡಿಸಿರಲಿಲ್ಲ. ರಂಜಾನ್ ತನಕ ನೋಡೋಣ ಎಂದಿದ್ದರಂತೆ.

ನನ್ನೂರು ಬಿ.ಜಿ. ಕೆರೆ. ಹೊರಡುವಾಗ ಅವ್ವ, "ಕೊರಳಾಗೆ ಲಿಂಗ ಐತೆ, ಮರೀಬ್ಯಾಡ. ಅಲ್ಲಿ ತೊಟ್ಟು ನೀರೂ ಕುಡೀಬ್ಯಾಡ" ಎಂದಿದ್ದಳು. ಮದರಸಾದ ಪಕ್ಕದಲ್ಲೇ ಒಂದು ಕೋಣೆ ಕೊಟ್ಟಿದ್ದರು. ನಾನೇ ನೀರು ಸೇದಿ, ನಾನೇ ಮುದ್ದೆ ಕಟ್ಟಿ, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದೆ. ಗೋಡೆಯಾಚೆ ಹುಡುಗರು ಒಂದೊಂದು ದೊಡ್ಡ ತಟ್ಟೆಯ ಸುತ್ತ ನಾಲ್ಕು ನಾಲ್ಕು ಜನ ಕೂತು ನಗುತ್ತಾ ಉಣ್ಣುವುದು ಕೇಳುತ್ತಿತ್ತು. ನಮ್ಮ ಜನವೋ, ಸಾಬರ ಮಾಸ್ತರ ಎಂದು ನನ್ನ ಜಗಲಿ ಹತ್ತುವುದನ್ನೇ ಬಿಟ್ಟಿದ್ದರು. ಅಂಥ ಒಂಟಿತನ ನಾನು ಆಮೇಲೂ ಕಂಡಿಲ್ಲ.

ಮೊದಲ ದಿನವೇ ಎಡವಟ್ಟು ಮಾಡಿದೆ. ಹುಡುಗರು ಮರದ ಹಲಗೆಗಳ ಮೇಲೆ ಬೆಳಿಗ್ಗೆ ಕುರಾನಿನ ಸಾಲು ಬರೆದಿದ್ದರು. ಅಆಇಈ ಬರೆಸಲು ಜಾಗ ಬೇಕಲ್ಲ, ಒಂದು ಹಲಗೆ ತೆಗೆದುಕೊಂಡು ಕಾಲು ತೊಳೆಯುವ ಕಲ್ಲಿನ ಮೇಲಿಟ್ಟು ನೀರು ಹೊಯ್ದು ಉಜ್ಜಿಬಿಟ್ಟೆ. ಮಸಿ ಚರಂಡಿಗೆ ಹರಿಯಿತು. ಆ ಅಕ್ಷರದ ನೀರು ಯಾರ ಕಾಲಿಗೂ ಸಿಗಬಾರದೆಂದು ಗಡಿಗೆಯಲ್ಲಿ ಹಿಡಿದು ಅಂಗಳದ ದಾಳಿಂಬೆ ಬುಡಕ್ಕೆ ಹೊಯ್ಯುವುದು ಅಲ್ಲಿನ ಪದ್ಧತಿ. ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಲಿಲ್ಲ, ಮಾಸ್ತರನೆಂಬ ಜಂಬ.

ನಾಲ್ಕು ದಿನ ನನ್ನ ಪಾಠದ ಚಾಪೆಗೆ ಒಬ್ಬನೂ ಬರಲಿಲ್ಲ. ಐದನೆಯ ದಿನ ಮೌಲ್ವಿಗಳ ಮುಂದೆ ಹೋಗಿ ನಿಂತೆ.

"ತಪ್ಪಾಯ್ತ್ರಿ. ನಂಗೆ ಗೊತ್ತಿರಲಿಲ್ಲ. ನನ್ನ ಊರಿಗೆ ಕಳಿಸಿಬಿಡ್ರಿ."

ಅವರು ಜಪಮಣಿ ಕೆಳಗಿಟ್ಟರು. "ಊರಿಗೆ ಹೋಗಿ ಏನ್ ಮಾಡ್ತೀರಿ ಮಾಸ್ತರೇ? ನಾಳೆ ಹುಡುಗ್ರು ಬರ್ತಾರೆ" ಎಂದರು.

ಬಂದರು. ಸಂಜೆ ಕನ್ನಡ ಬರೆದ ಹಲಗೆಗಳನ್ನು ಹುಡುಗರು ಚರಂಡಿಯ ಹತ್ತಿರ ತೊಳೆಯಹೋದಾಗ ಮೌಲ್ವಿಗಳು ತಡೆದರು. ನನಗೂ ತಿಳಿಯಲೆಂದೋ ಏನೋ, ಕನ್ನಡದಲ್ಲೇ, "ಇದೂ ಅಕ್ಷರಾನೇ, ಅಲ್ಲಿ ಹಾಕ್ರೋ" ಎಂದು ದಾಳಿಂಬೆ ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಇವತ್ತು ನಮ್ ಜೊತೆ ಊಟಕ್ಕೆ ಕೂತ್ಕೊಳ್ರಿ" ಎಂದರು. ತಟ್ಟೆಯ ಸುತ್ತ ಹುಡುಗರು ಸರಿದು ಜಾಗವನ್ನೂ ಮಾಡಿದರು.

ಹೊಟ್ಟೆ ಹಸಿದಿತ್ತು, ಮನಸ್ಸು ಅದಕ್ಕಿಂತ ಹಸಿದಿತ್ತು. ಆದರೂ ಕೈ ಕೊರಳಿಗೆ ಹೋಯಿತು. "ನಮ್ಮಲ್ಲಿ ನಡೆಯಲ್ರಿ" ಎಂದೆ. ಅವರು ಮತ್ತೆ ಕೇಳಲಿಲ್ಲ. ಹುಡುಗರು ಮೊದಲಿನಂತೆ ಒತ್ತಾಗಿ ಕೂತರು.

ರಂಜಾನ್ ಕಳೆದರೂ ನನ್ನ ಪಾಠ ಉಳಿಯಿತು. ದಾಳಿಂಬೆ ಹಣ್ಣಾದಾಗ ಮೌಲ್ವಿಗಳು ಒಂದನ್ನು ತಾವೇ ತಂದು, ನನ್ನ ಹೊಸ್ತಿಲಿನ ಆಚೆಯೇ ನಿಂತು, "ಇದು ನಮ್ ಅಡುಗೆ ಅಲ್ಲ, ಗಿಡದ್ದು. ತಿನ್ಬಹುದಲ್ವಾ?" ಎಂದು ಕೇಳಿದರು. ನಾಚಿಕೆಯಿಂದ ತಲೆ ತಗ್ಗಿಸಿ ಈಸಿಕೊಂಡೆ. ಒಳಗೆ ಬನ್ನಿ ಎನ್ನಬೇಕಿತ್ತು. ಅವರು ಸ್ವಲ್ಪ ಹೊತ್ತು ನಿಂತೇ ಇದ್ದರು, ಆಮೇಲೆ ಹೋದರು. ನಾನು ಹಣ್ಣು ಬಿಡಿಸಿ, ಗೋಡೆಗೆ ಮುಖ ಮಾಡಿ, ಒಬ್ಬನೇ ಅಷ್ಟನ್ನೂ ತಿಂದೆ.