ಒಳಗೆ ರೇಡಿಯೋ, ಹೊರಗೆ ಗೌಡ್ರು

ಕೇಳ್ರಪ್ಪೋ, ಇವತ್ತು ಸಂಜೆ ಒಳ್ಳೆ ತಮಾಸೆ ಆಯ್ತು. ಪಂಚಾಯ್ತಿಗೆ ಬಂದಿರೋ ಹೊಸ ರೇಡಿಯೋ ಕೇಳಕ್ಕೆ ನಮ್ಮ ಕೇರಿಯೋರು ಚಾವಡಿ ಒಳಕ್ಕೆ ಒಂಟ್ವಿ.

ಚೇರ್ಮನ್ ಗೌಡ್ರು ಬಾಗ್ಲಲ್ಲೇ ತಡದ್ರು. "ಒಳಿಕ್ಯಾಕ್ರಲಾ? ನಿಮಗೇ ಅಂತ ಬೇವಿನ ಮರಕ್ಕೆ ಸ್ಪೀಕರ್ ಕಟ್ಸಿವ್ನಲ್ಲ, ಅಲ್ಲೋಗಿ."

"ರೇಡಿಯೋ ಎಲ್ಲಾರ್ದೂ ಅಲ್ವಾ ಸಾ?" ಅಂದೆ. ಗೌಡ್ರು ಕೇಳ್ನಿಲ್ಲ. ಮರದಡಿಗೇ ಓಗಿ ಕುಂತ್ವಿ.

ನಮ್ಮಪ್ಪ ನೆಪ್ಪಾದ. ನ್ಯಾಯ ಕೇಳಕ್ ಬಂದಾಗ್ಲೂ ಟವಲ್ಲು ಕಂಕುಳಲ್ಲಿಟ್ಕಂಡು ಇದೇ ಮರದಡಿ ನಿಂತು, "ನೆಳ್ಳಾದ್ರೂ ನಮ್ದು ಕಣ್ಲಾ ಮಗ" ಅಂತ ನಗೋನು.

ಕೊಬ್ಬರಿ ರೇಟು ಹೇಳಕ್ ಶುರುವಾಯ್ತು. ಸದ್ದೆಲ್ಲ ಮರದ ಸ್ಪೀಕರಿಗೇ ಬಂತು. ಒಳಗೆ ಬರೀ ಗೊರಗೊರ. ಗೌಡ್ರು ಎದ್ದು ಬಂದ್ರು. "ವಸಿ ಸರ್ಕಳ್ಲಾ" ಅಂತ ನನ್ ಪಕ್ಕಾನೇ ಕುಂತ್ರು.

ಈಗ ಚಾವಡಿ ಒಳಗೆ ರೇಡಿಯೋ ಒಂದೇ ಮಡಿಯಾಗಿ ಕುಂತದೆ.