ಎರಡನೇ ನಕ್ಷತ್ರ

ಹದಿನೆಂಟು ವರ್ಷದಿಂದ ಆ ಫೋಟೋ ಸ್ಟುಡಿಯೋದ ಕಂಪ್ಯೂಟರು ದೊಡ್ಡ ಸೊಸೆಯ ಕೈಯಲ್ಲಿತ್ತು. ವರ್ಷಕ್ಕೊಂದು ಫೋಲ್ಡರು, ಅದರೊಳಗೆ ತಿಂಗಳಿನದು, ಅದರೊಳಗೆ ದಿನದ್ದು. ಚಿತ್ರಕ್ಕೆ ಗಿರಾಕಿಯ ಕಸುಬಿನ ಹೆಸರು. ಆ ಕ್ರಮ ಅವಳದೇ. 'ದರ್ಜಿ' ಅಂದರೆ ಸಾಕು, ಯಾವ ತಿಂಗಳು, ಯಾವ ದಿನ ಎಂದು ಬಾಯಲ್ಲೇ ಹೇಳುತ್ತಿದ್ದಳು.

ಈಗ ಅವಳ ಮೈದುನನ ಹೆಂಡತಿ, ಅದೇ ಮನೆಯ ಚಿಕ್ಕ ಸೊಸೆ, ಅಲ್ಲೇ ಕೆಲಸಕ್ಕೆ ಸೇರಿದ್ದಳು. ಬಂದ ವಾರದಲ್ಲೇ ಹುಡುಕುವ ಜಾಗದಲ್ಲಿ ಅದೇನೋ ನಕ್ಷತ್ರದ ಗುರುತು ಒತ್ತಿ, ಅಷ್ಟೂ ವರ್ಷದ ದರ್ಜಿಗಳನ್ನು ಒಂದೇ ಏಟಿಗೆ ಪರದೆಗೆ ತಂದಳು. ಮಾಲೀಕರು "ಭಲೇ!" ಅಂದರು. ದೊಡ್ಡ ಸೊಸೆಗೆ ಇಷ್ಟು ವರ್ಷದಲ್ಲಿ ಒಂದು ಭಲೇ ಸಿಕ್ಕಿರಲಿಲ್ಲ. ಹೊಟ್ಟೆಗೆ ಬೆಂಕಿ ಬಿತ್ತು. ಸಾಲದ್ದಕ್ಕೆ, "ಆ ಕುರ್ಚೀಲಿ ಒಬ್ರೇ ಸಾಕು, ಯಾರು ಅಂತ ಶನಿವಾರ ಹೇಳ್ತೀನಿ. ಇನ್ನೊಬ್ರು ಚೌಕಟ್ಟು ಅಂಟಿಸ್ಲಿ" ಎಂದುಬಿಟ್ಟರು ಪುಣ್ಯಾತ್ಮರು.

"ಅದ್ಯಾವ ಮಹಾ ವಿದ್ಯೆ!" ಎಂದು ಮೂಗು ಮುರಿದಳು. ಆದರೂ ನೀರು ಕುಡಿಯುವ ನೆಪದಲ್ಲಿ ಚಿಕ್ಕವಳ ಹಿಂದೆ ನಿಂತು ಇಣುಕಿದಳು. ನಕ್ಷತ್ರ ಕಂಡಿತು. ಅಷ್ಟು ಸಾಕೆಂದುಕೊಂಡಳು.

ಶನಿವಾರ ಒಬ್ಬ ಬಡಗಿಯ ಮಗಳು ಬಂದಳು. "ಅಪ್ಪ ತೀರಿಕೊಂಡ್ರು. ಇಲ್ಲಿ ಒಂದ್ಸಲ ಫೋಟೋ ತೆಗೆಸಿದ್ರು. ಮನೇಲಿ ಒಂದೂ ಇಲ್ಲ."

ಆ ಮುದುಕ ದೊಡ್ಡ ಸೊಸೆಗೆ ಚೆನ್ನಾಗಿ ನೆನಪಿದ್ದ. ಕಿವಿಗೆ ಸಿಕ್ಕಿಸಿದ ಪೆನ್ಸಿಲು ತೆಗೆಯಲು ಒಪ್ಪಿರಲಿಲ್ಲ. ದಿನಾಂಕ ನಾಲಿಗೆ ತುದಿಯಲ್ಲಿತ್ತು. ಆದರೆ ಮಾಲೀಕರು ಮುಂದಿನ ಮೇಜಿನಿಂದ ನೋಡುತ್ತಿದ್ದರಲ್ಲ! ಠೀವಿಯಿಂದ ಒಂದು ನಕ್ಷತ್ರ ಹಾಕಿ 'ಬಡಗಿ' ಎಂದು ಒತ್ತಿದಳು. ಪರದೆ ಖಾಲಿ. ಯಂತ್ರವೇ ಇಲ್ಲ ಅಂದಮೇಲೆ ತನ್ನ ನೆನಪೇ ತಪ್ಪೇನೋ ಎನಿಸಿತು.

"ಇಲ್ಲಮ್ಮ" ಎಂದಳು. ಆ ಹೆಂಗಸು ಮೆಟ್ಟಿಲಿಳಿದಳು. ಮಾಲೀಕರು ಬೇರೆ ಗಿರಾಕಿಯತ್ತ ತಿರುಗಿದರು.

ಚಿಕ್ಕ ಸೊಸೆ ಬಗ್ಗಿ ಪಿಸುಗುಟ್ಟಿದಳು: "ಅಕ್ಕಾ, ಒಂದೇ ಸ್ಟಾರ್ ಹಾಕಿದ್ರೆ ಹೊರಗಿನ ಫೋಲ್ಡರ್ ಮಾತ್ರ ನೋಡಿ ವಾಪಸ್ ಬರುತ್ತೆ. ಒಳಗೊಳಗೆ ಎಲ್ಲಾ ಕಡೆ ನುಗ್ಗಬೇಕಂದ್ರೆ ಜೋಡಿ ಸ್ಟಾರ್, ಆಮೇಲೊಂದು ಓರೆಗೆರೆ." ಒತ್ತಿದಳು. ಪೆನ್ಸಿಲಿನ ಮುದುಕ ಬಂದು ಕೂತ.

"ಅದೇ ದಿನ. ನಂಗೊತ್ತಿತ್ತು" ಎಂದು ದೊಡ್ಡ ಸೊಸೆ ಗೊಣಗಿದಳು.

ಚಿಕ್ಕವಳು ಬೀದಿಗೆ ಓಡಿ ಹೆಂಗಸನ್ನು ಕರೆತಂದಳು. ಅಪ್ಪನ ಮುಖ ನೋಡಿ ಆಕೆ ಗೊಳೋ ಎಂದು ಅತ್ತಳು.

"ಯಾರು ಹುಡುಕಿದ್ದು?" ಮಾಲೀಕರು ಕೇಳಿದರು.

"ಅಕ್ಕ. ದಿನಾಂಕ ಸಮೇತ ನೆನಪಿತ್ತು ಅವ್ರಿಗೆ."

"ಹಾಗಾದ್ರೆ ಕುರ್ಚಿ ಅವ್ರದ್ದೇ. ಭಲೇ!"

ಬೇಕಿದ್ದ ಭಲೇ ಬಂತು, ಕುರ್ಚಿಯೂ ಉಳಿಯಿತು. ಅದನ್ನೂ ಇವಳೇ ದಾನ ಮಾಡಬೇಕೇ! ದೊಡ್ಡ ಸೊಸೆಗೆ ಮೊದಲಿಗಿಂತ ಹೆಚ್ಚು ಉರಿಯಿತು. ಚಿಕ್ಕವಳು ಆಗಲೇ ಅಂಟಿನ ಡಬ್ಬಿ ಎತ್ತಿಕೊಂಡು ಹೊರಟಿದ್ದಳು.

"ಏಯ್, ಇಲ್ಲಿ ಬಾ" ಎಂದಳು, ಮುಖ ತಿರುಗಿಸದೆ. "ಆ ಎರಡನೇದು ಎಲ್ಲಿ ಹಾಕ್ದೆ, ತೋರಿಸು."